ದೆವ್ವದ ಉದ್ದ ಕಂಡುಹಿಡಿಯಿರಿ

ನಮ್ಮ ಶಾಲೆಯ ದೆವ್ವದ ದನಿಯನ್ನು ನಾನು ಮೊದಲು ಕೇಳಿದ್ದು ಗದಗಿನಿಂದ ಮುಂಡರಗಿಗೆ ಹೋಗುವ ಬೆಳಗಿನ ಬಸ್ಸಿನಲ್ಲಿ. ಮುಂದಿನ ಸೀಟಿನವರ ಮೊಬೈಲಿನಿಂದ ಅದು ಬರುತ್ತಿತ್ತು. ಊಂ ಎಂದು ಮೇಲೇರಿ, ಅಷ್ಟೇ ನಿಧಾನವಾಗಿ ಕೆಳಗಿಳಿದು, ಮತ್ತೆ ಏರುವ ಒಂದು ನರಳಾಟ. ಪರದೆಯ ಮೇಲೆ ಬೀಗ ಹಾಕಿದ ಬಾಗಿಲು, ಹಳದಿ ಗೋಡೆ, ಗೋಡೆಯ ಮೇಲೆ ನಾನೇ ಮಕ್ಕಳಿಂದ ಬರೆಸಿದ್ದ ಲಂಬಕೋನ ತ್ರಿಭುಜ. “ನಿನ್ನೆ ಅಮಾಸಿ ಇತ್ತಲ್ರಿ, ಹಾಡಹಗಲಾಗ ಕೂಗೇತಂತ. ಒಳಗ ಯಾರೂ ಇಲ್ಲ, ಕೀಲಿ ಹಾಕೇತಿ,” ಎಂದು ಒಬ್ಬರು ಇನ್ನೊಬ್ಬರಿಗೆ ವಿವರಿಸುತ್ತಿದ್ದರು. ಟಿಕೆಟ್ ಕೊಡುತ್ತಿದ್ದ ಕಂಡಕ್ಟರೂ ಬಗ್ಗಿ ನೋಡಿದ. ಆ ಶಾಲೆಯ ಗಣಿತದ ಟೀಚರು ಹಿಂದಿನ ಸೀಟಿನಲ್ಲೇ ಕೂತಿದ್ದಾಳೆ ಎಂದು ನಾನು ಬಾಯಿ ಬಿಡಲಿಲ್ಲ. ದನಿ ಯಾವುದರದು ಎಂಬುದು ನನಗೆ ಕೂಡಲೇ ತಿಳಿಯಿತು. ಅದನ್ನು ಹಾಡಿಸಿದವರು ಯಾರು ಎಂಬುದು ಮಾತ್ರ ತಿಳಿಯಲಿಲ್ಲ, ಮೈ ಜುಮ್ಮೆಂದದ್ದು ಅದಕ್ಕೆ.

ಅದು ನಮ್ಮ ಒಂಬತ್ತನೆಯ ತರಗತಿಯ ಪೆಟ್ಟಿಗೆಯ ದನಿ. ಕಪ್ಪತಗುಡ್ಡದ ಬುಡದ ಹಳ್ಳಿಯ ಪ್ರೌಢಶಾಲೆ ನಮ್ಮದು. ಗ್ರಾಫ್ ಹಾಳೆ ಕೊಟ್ಟರೆ ರಂಗೋಲಿ ಬಿಡಿಸಿ ವಾಪಸು ಕೊಡುವ ಮಕ್ಕಳು. ಬೈದು ಬೈದು ನನ್ನ ಗಂಟಲು ಕಟ್ಟಿತೇ ಹೊರತು ಅವರಿಗೆ ಸಮೀಕರಣದ ರುಚಿ ಹತ್ತಲಿಲ್ಲ. ಗದಗಿನಲ್ಲಿ ನಡೆದ ಒಂದು ತರಬೇತಿಯಲ್ಲಿ ನಮಗೆ ಕೈಯಗಲದ ಒಂದು ಬೋರ್ಡು, ಎರಡು ದುಂಡು ಕಣ್ಣಿನ ಒಂದು ಸೆನ್ಸಾರ್ ಕೊಟ್ಟಿದ್ದರು. ಈ ಸೆನ್ಸಾರ್ ನಮ್ಮ ಕಿವಿಗೆ ಕೇಳದ ಶಬ್ದವನ್ನು ಬಿಡುತ್ತದೆ. ಎದುರಿಗಿದ್ದದ್ದಕ್ಕೆ ಬಡಿದು ಶಬ್ದ ಮರಳಿ ಬರಲು ಹಿಡಿದ ಸಮಯದಿಂದ ಎದುರಿನ ವಸ್ತು ಎಷ್ಟು ದೂರದಲ್ಲಿದೆ ಎಂದು ಲೆಕ್ಕ ಹಾಕುತ್ತದೆ. ನಾವು ಅದನ್ನು ಚಪ್ಪಲಿಯ ಡಬ್ಬಿಯಲ್ಲಿ ಕೂಡಿಸಿ, ಹಳೆಯ ರೇಡಿಯೊದ ಸ್ಪೀಕರ್ ಜೋಡಿಸಿ, ದೂರವನ್ನು ಸ್ವರವಾಗಿಸುವ ಒಂದು ಸೂತ್ರ ಬರೆದೆವು. ಹತ್ತಿರ ಬಂದರೆ ಕೀರಲು ಸ್ವರ, ದೂರ ಸರಿದರೆ ತಗ್ಗಿದ ಸ್ವರ. ಹಲಗೆಯ ಮೇಲೆ ನಾನು ಒಂದು ಗ್ರಾಫ್ ಬರೆಯುವುದು, ಮಕ್ಕಳು ಪೆಟ್ಟಿಗೆಯ ಎದುರು ಹಿಂದೆ ಮುಂದೆ ನಡೆದು ಆ ಗ್ರಾಫನ್ನು ಹಾಡಿಸುವುದು. ಸರಳರೇಖೆ ಹಾಡಿಸಲು ಒಂದೇ ವೇಗದಲ್ಲಿ ನಡೆಯಬೇಕು ಎಂಬುದನ್ನು ಅವರ ಕಾಲುಗಳೇ ಕಲಿತವು.

ಆ ಸೂತ್ರ ಬರೆದವಳು ಮೂರನೆಯ ಬೆಂಚಿನ ಹುಡುಗಿ. ಅದಕ್ಕೆ ಮೊದಲು ನನ್ನ ಗಂಟೆಯಲ್ಲಿ ಕಿಟಕಿಯಾಚೆ ಗುಡ್ಡದ ಮೇಲಿನ ಗಾಳಿಯಂತ್ರಗಳನ್ನು ನೋಡುತ್ತ ಕೂರುವುದೇ ಅವಳ ಕೆಲಸವಾಗಿತ್ತು. ಅಪ್ಪ ಅವ್ವ ದುಡಿಯಲು ಗೋವಾಕ್ಕೆ ಹೋಗಿದ್ದರು. ಅವಳು ಅಜ್ಜಿಯ ಹತ್ತಿರ ಇದ್ದಳು. ಅಜ್ಜಿ ಮುಂಡರಗಿ ಬಸ್ ಸ್ಟ್ಯಾಂಡಿನಲ್ಲಿ ಹೂ ಮಾರುವಾಕೆ. ಪೆಟ್ಟಿಗೆ ಬಂದ ಮೇಲೆ ಈ ಹುಡುಗಿ ಬಿಡುವಿನಲ್ಲೂ ನನ್ನ ಬೆನ್ನು ಬಿಡದೆ, ದೂರ ಇಮ್ಮಡಿಯಾದರೆ ಸ್ವರ ಅರ್ಧ ಆಗುವಂತೆ ಮಾಡಬಹುದೇ, ವರ್ಗ ಹಾಕಿದರೆ ಹೇಗೆ ಕೇಳಿಸುತ್ತದೆ ಎಂದು ಪೀಡಿಸುತ್ತಿದ್ದಳು. ನನ್ನ ಇಷ್ಟು ವರ್ಷದ ನೌಕರಿಯಲ್ಲಿ ಗಣಿತಕ್ಕಾಗಿ ನನ್ನನ್ನು ಪೀಡಿಸಿದವರು ತೀರ ಕಡಿಮೆ, ನನಗೆ ಅವಳ ಮೇಲೆ ಪ್ರೀತಿ ಹುಟ್ಟಿತ್ತು.

ಆ ಸೋಮವಾರ ಶಾಲೆಗೆ ಹೋಗಿ ನೋಡಿದರೆ ಮಕ್ಕಳು ಪ್ರಾರ್ಥನೆಗೆ ನಿಲ್ಲದೆ ಗೇಟಿನ ಹತ್ತಿರ ಗುಂಪಾಗಿದ್ದರು. ಕಸ ಗುಡಿಸುವ, ಕೋಣೆಗಳ ಕೀಲಿ ನೋಡಿಕೊಳ್ಳುವ ನಮ್ಮ ಶಾಲೆಯ ಸಿಪಾಯಿ ಅವರ ನಡುವೆ ನಿಂತು ಮೊಬೈಲ್ ಎತ್ತಿ ಹಿಡಿದಿದ್ದ. ಆ ವಿಡಿಯೋ ಮಾಡಿದವರು ಊರಿನ ಟ್ರ್ಯಾಕ್ಟರ್ ಡ್ರೈವರ್, ಸಿಪಾಯಿಯ ಗೆಳೆಯ. ಭಾನುವಾರ ಇಳಿಹೊತ್ತಿನಲ್ಲಿ ಶಾಲೆಯ ಹಿಂದೆ ಹಾದುಹೋಗುವಾಗ ದನಿ ಕೇಳಿ ಗಾಡಿ ನಿಲ್ಲಿಸಿದ್ದರಂತೆ. ದನಿ ಆಗಾಗ ನಿಂತು, ಸ್ವಲ್ಪ ಹೊತ್ತಿನ ಮೇಲೆ ಮತ್ತೆ ತಾನಾಗಿ ಶುರುವಾಗುತ್ತಿತ್ತಂತೆ.

ನಾನು ಮೊಬೈಲ್ ಕಸಿದುಕೊಳ್ಳುವ ಮೊದಲೇ ನಡೆಯಬಾರದ್ದು ನಡೆದುಹೋಯಿತು. ಹೂವಿನವಳ ಮೊಮ್ಮಗಳು ಮುಂದೆ ಬಂದು, ಕಣ್ಣು ಮುಚ್ಚಿ, ಆ ದನಿಗೆ ಸರಿಯಾಗಿ ತಲೆ ತೂಗತೊಡಗಿದಳು. ಬೆರಳು ತೊಡೆಯ ಮೇಲೆ ಬಡಿಯುತ್ತಿತ್ತು. ತುಟಿ ಅಲುಗುತ್ತಿತ್ತು, ದನಿ ಹೊರಡುತ್ತಿರಲಿಲ್ಲ. ಯಾರೋ ಹೆಸರು ಹಿಡಿದು ಕೂಗಿದರೂ ಕಣ್ಣು ತೆರೆಯಲಿಲ್ಲ. “ಅಕಿ ಮೈಯಾಗ ಬಂತು!” ಎಂದು ಒಬ್ಬಳು ಚೀರಿದಳು. ಮಕ್ಕಳೆಲ್ಲ ಹಿಂದೆ ಸರಿದು ಅವಳ ಸುತ್ತ ಒಂದು ಖಾಲಿ ವೃತ್ತ ಉಳಿಯಿತು. ವಿಡಿಯೋ ಮುಗಿದ ಮೇಲೆ ಅವಳು ಕಣ್ಣು ಬಿಟ್ಟು ಏನೋ ಹೇಳಲು ಹೋದಳು, ಕೇಳುವವರು ಯಾರೂ ಇರಲಿಲ್ಲ. ಸಿಪಾಯಿ ಸೈಕಲ್ ಮೋಟಾರು ಹತ್ತಿ ಮುಂಡರಗಿಗೆ ಓಡಿದ. ಮಧ್ಯಾಹ್ನದೊಳಗೆ ಅಜ್ಜಿ ಬಂದಳು. ಮೊಮ್ಮಗಳ ಹಣೆಗೆ ವಿಭೂತಿ ಬಳಿದು, ನನ್ನ ಮುಖವನ್ನೂ ನೋಡದೆ ಕೈಹಿಡಿದು ಕರೆದೊಯ್ದಳು.

ಎಲ್ಲರೂ ಊಟಕ್ಕೆ ಕೂತಾಗ ನಾನೊಬ್ಬಳೇ ಪೆಟ್ಟಿಗೆ ಇದ್ದ ಆ ಕೋಣೆಯ ಬಾಗಿಲು ತೆಗೆದೆ. ಪೆಟ್ಟಿಗೆ ಕಿಟಕಿಯ ಪಕ್ಕದ ಮೇಜಿನ ಮೇಲೆ, ನಾವು ಎಂದಿನಂತೆ ತಿರುಗಿಸಿಟ್ಟ ಹಾಗೇ ಕಿಟಕಿಗೆ ಮುಖ ಮಾಡಿ ಕೂತಿತ್ತು. ಪ್ಲಗ್ಗಿನ ಸ್ವಿಚ್ಚು ಹಾಕಿಯೇ ಇತ್ತು. ಶನಿವಾರ ಪಾಠದ ನಡುವೆ ಕರೆಂಟು ಹೋಗಿ, ಸ್ವಿಚ್ಚು ಆರಿಸದೆ ನಾವು ಮನೆಗೆ ಹೋಗಿದ್ದೆವು. ಕರೆಂಟು ಬಂದಾಗ ಪೆಟ್ಟಿಗೆ ತಾನಾಗಿ ಎದ್ದಿದೆ, ಹೋದಾಗ ಮಲಗಿದೆ. ಇಷ್ಟು ತಿಳಿದು ಸಮಾಧಾನವಾಯಿತು. ಅಷ್ಟರಲ್ಲಿ ಕರೆಂಟು ಬಂತು, ಪೆಟ್ಟಿಗೆ ಹಾಡಿತು. ಒಂದೇ ಸ್ವರ, ಏರಿಳಿತವಿಲ್ಲ. ಮುರಿದ ಕಿಟಕಿಯಿಂದ ಗುಡ್ಡದ ಗಾಳಿ ನುಗ್ಗಿ ನನ್ನ ಸೆರಗು ಹಾರಿತು, ಸ್ವರ ಅಲುಗಲಿಲ್ಲ. ನಾನು ಎಷ್ಟೋ ಹೊತ್ತು ನಿಂತು ಕೇಳಿದೆ. ನಿನ್ನೆ ಪೆಟ್ಟಿಗೆಯ ಮುಂದೆ ಹೋಗಿ ಬಂದು ಮಾಡುತ್ತಿದ್ದದ್ದು ಇವತ್ತು ಅಲ್ಲಿ ಇರಲಿಲ್ಲ. ಇಲಿ, ಅಳಿಲು, ಪರದೆಯ ಚೂರು, ಯಾವುದರ ಗುರುತೂ ಸಿಗಲಿಲ್ಲ. ಬೀಗ ಹಾಕಿ, ಸರಿಯಾಗಿ ಬಿದ್ದಿದೆಯೇ ಎಂದು ಎರಡು ಸಲ ಜಗ್ಗಿ ನೋಡಿದೆ, ಸುಳ್ಳೇಕೆ ಹೇಳಲಿ.

ಹೆಡ್ ಮಾಸ್ತರು ಸಂಜೆ ಕರೆಸಿದರು. “ಆ ಡಬ್ಬಿ ಕಪಾಟಿನ್ಯಾಗ ಇಟ್ಟ ಬಿಡ್ರಿ. ಲೆಕ್ಕಾ ಪುಸ್ತಕದಾಗ ಇದ್ದದ್ದ ಕಲಿಸ್ರಿ, ಸಾಕು.” ನಾನು ತಲೆಯಾಡಿಸಿದೆ. ಕಪಾಟಿನಲ್ಲಿ ಇಡುವುದು ಸುಲಭ, ಆದರೆ ಹುಡುಗಿಗೆ ಅಂಟಿದ ಮಾತು ಕಪಾಟಿಗೆ ಹೋಗುವುದಿಲ್ಲ. ಒಮ್ಮೆ ದೆವ್ವ ಬಡಿದವಳು ಎಂದು ಊರು ಅಂದರೆ ಅವಳ ಪಕ್ಕ ಯಾರು ಕೂರುತ್ತಾರೆ?

ಮರುದಿನ ಮಕ್ಕಳನ್ನು ಬೇವಿನ ಮರದ ಕೆಳಗೆ ಕೂರಿಸಿದೆ. ಆ ಕೋಣೆಗೆ ಕಾಲಿಡಲು ಅವರು ಒಪ್ಪಲಿಲ್ಲ. ಹಲಗೆಯ ಮೇಲೆ ದೊಡ್ಡದಾಗಿ ಬರೆದೆ: ದೆವ್ವದ ಉದ್ದ ಕಂಡುಹಿಡಿಯಿರಿ. ಎರಡು ದಿನದಲ್ಲಿ ಮೊದಲ ಬಾರಿ ಅವರು ನಕ್ಕರು. ಶಿಕ್ಷಕರ ವಾಟ್ಸಾಪ್ ಗುಂಪಿನಲ್ಲಿ ನನಗೆ ಬಂದಿದ್ದ ವಿಡಿಯೋ ಹಾಕಿ, ಚಿತ್ರ ಮುಚ್ಚಿ ದನಿಯನ್ನಷ್ಟೇ ಕೇಳಿಸಿದೆ. ವಿಡಿಯೋದಲ್ಲಿ ಗಾಳಿಯ ಸದ್ದು ಜೋರಾದಾಗ ಸ್ವರ ಬಹಳ ಮೇಲೇರುತ್ತದೆ, ಬಹಳ ಕೆಳಗಿಳಿಯುತ್ತದೆ. ಗಾಳಿ ತಗ್ಗಿದಾಗ ಏರಿಳಿತ ಚಿಕ್ಕದು. ಆದರೆ ಒಂದು ಏರಿಳಿತಕ್ಕೆ ಹಿಡಿಯುವ ಸಮಯ ಎರಡರಲ್ಲೂ ಒಂದೇ. “ಹಂಗ ಮಾಡೂದು ಯಾವುದು?” ಎಂದು ಕೇಳಿದೆ. ಹುಡುಗಿಯೊಬ್ಬಳು, “ಜೋಕಾಲಿ ರೀ,” ಎಂದಳು. ಮೂರನೆಯ ಬೆಂಚಿನವಳ ಗೆಳತಿ ಈಕೆ, ಅವಳ ಮನೆಯ ಓಣಿಯಲ್ಲೇ ಇರುವವಳು.

ತೂಗುವುದು ಏನೇ ಇರಲಿ, ಅದಕ್ಕೆ ಒಂದು ಉದ್ದವಿರುತ್ತದೆ. ಕಲ್ಲನ್ನು ಅರಿವೆಯಲ್ಲಿ ಕಟ್ಟಿ ಬೇವಿನ ಟೊಂಗೆಗೆ ನೇತುಹಾಕಿದೆವು. ಒಂದು ಗೇಣು ದಾರದಲ್ಲಿ ಒಂದು ತೂಗಾಟಕ್ಕೆ ಸೆಕೆಂಡಿಗೆ ತುಸು ಕಡಿಮೆ. ದಾರ ಎರಡು ಗೇಣು ಮಾಡಿದರೆ ಸಮಯವೂ ಇಮ್ಮಡಿ ಆಗುತ್ತದೆ ಎಂದು ಎಲ್ಲರೂ ಬರೆದುಕೊಂಡೇ ಬಿಟ್ಟಿದ್ದರು. ಆಗಲಿಲ್ಲ. ಮೂರು ಗೇಣಿಗೂ ಆಗಲಿಲ್ಲ. ನಾಲ್ಕು ಗೇಣಿಗೆ ಸರಿಯಾಗಿ ಇಮ್ಮಡಿ ಆಯಿತು. “ನಾಕು ಅಂದ್ರ ಎರಡರ ವರ್ಗ!” ಎಂದು ಕೂಗಿದವನು, ತಾನೇನು ಹೇಳಿದೆ ಎಂದು ಆಮೇಲೆ ಹೊಳೆದು ನಾಚಿಕೊಂಡ. ಸಮಯದ ವರ್ಗ ಅಡ್ಡಕ್ಕೆ, ಉದ್ದ ಮೇಲಕ್ಕೆ ಹಾಕಿ ಗ್ರಾಫ್ ಎಳೆದಾಗ ಚುಕ್ಕೆಗಳು ಒಂದೇ ಗೆರೆಯ ಮೇಲೆ ಬಂದು ಕೂತವು. ಯಾರೂ ರಂಗೋಲಿ ಬಿಡಿಸಲಿಲ್ಲ. ನನಗೆ ಕುಣಿಯಬೇಕೆನ್ನಿಸಿತು.

ಇನ್ನು ವಿಡಿಯೋದ ದನಿಯ ಸಮಯ. ಒಂದು ನಿಮಿಷದ ವಿಡಿಯೋದಲ್ಲಿ ಇಪ್ಪತ್ಮೂರೂವರೆ ಏರಿಳಿತ. ಭಾಗಿಸಿ, ವರ್ಗ ಮಾಡಿ, ಗ್ರಾಫಿನ ಗೆರೆಯನ್ನು ಮುಂದಕ್ಕೆ ಎಳೆದು ಓದಿದರು. ಮೂರು ಗುಂಪಿಗೂ ಬಂದ ಉತ್ತರ ಒಂದೇ. ಅರವತ್ನಾಲ್ಕು ಇಂಚು. ಐದು ಅಡಿ ನಾಲ್ಕು ಇಂಚು.

ಹಿಂದಿನಿಂದ ಒಂದು ಸಣ್ಣ ದನಿ, “ಅದು ಮನಷ್ಯಾನ ಎತ್ತರ ಅಲ್ಲೇನ್ರಿ ಟೀಚರ್?” ಎಂದಿತು. ಒಬ್ಬರ ತಲೆ ತಾನಾಗಿ ಶಾಲೆಯ ಕಡೆ ತಿರುಗಿತು, ಎಲ್ಲರ ತಲೆಯೂ ತಿರುಗಿತು. ಆ ಕೋಣೆಯ ತೊಲೆ ನಮಗೆಲ್ಲ ಗೊತ್ತು. ತೊಲೆಯಿಂದ ಐದಡಿಯ ಏನೋ ನೇತಾಡಿದರೆ ಹೇಗಿರುತ್ತದೆ ಎಂದು ನಾನೂ ಊಹಿಸಿಬಿಟ್ಟೆ. ಲೆಕ್ಕ ತಪ್ಪಿದ್ದರೆ ಬೈಯುತ್ತಿದ್ದೆ. ಲೆಕ್ಕ ಸರಿಯಾಗಿತ್ತು. ನಾನು ಕಲಿಸಿದ ದಾರಿಯಲ್ಲೇ ಹೆಜ್ಜೆ ಹೆಜ್ಜೆಯಾಗಿ ಹೋಗಿ ಮಕ್ಕಳು ಅಲ್ಲಿಗೆ ತಲುಪಿದ್ದರು, ಅದೇ ನನಗೆ ಹೆಚ್ಚು ಹೆದರಿಕೆ ತಂದದ್ದು. ಬೇವಿನ ಟೊಂಗೆಯಲ್ಲಿ ನಮ್ಮ ಕಲ್ಲಿನ ಗಂಟು ಇನ್ನೂ ತೂಗುತ್ತಿತ್ತು. ಒಬ್ಬಳು ಎದ್ದು ಅದನ್ನು ಹಿಡಿದು ನಿಲ್ಲಿಸಿದಳು.

ಮರುದಿನ ಅರ್ಧ ತರಗತಿ ಖಾಲಿ. ಹೆಡ್ ಮಾಸ್ತರು ಕೋಣೆಯ ಕೀಲಿಯನ್ನು ತಮ್ಮ ಜೇಬಿಗೆ ಹಾಕಿಕೊಂಡರು. “ದೆವ್ವಕ್ಕ ಅಳತಿ ಬ್ಯಾರೆ ಹಚ್ಚಿದ್ರಿ,” ಎಂದರು.

ಅಂದು ಸಂಜೆ ಬಸ್ಸು ಬಿಟ್ಟು ಹುಡುಗಿಯ ಮನೆಗೆ ಹೋದೆ. ಅಜ್ಜಿ ಕಟ್ಟೆಯ ಮೇಲೆ ಕೂತು ಸೇವಂತಿಗೆ ಕಟ್ಟುತ್ತಿದ್ದಳು. ಪಕ್ಕದ ಮನೆಯವಳು ಹೂ ಕೊಳ್ಳಲು ನಿಂತಿದ್ದಳು. ಅಜ್ಜಿ ಮೊಣಕೈಯಿಂದ ಬೆರಳ ತುದಿಯವರೆಗೆ ಮಾಲೆ ಹಿಡಿದು ಮೊಳ ಹಾಕಿದಾಗ, “ಏ ಆಯಿ, ನಿನ್ನ ಕೈ ಗಿಡ್ಡ, ಇನ್ನೊಂದ ನಾಕ ಬಟ್ಟ ಬಿಡು,” ಎಂದು ಅವಳು ಚೌಕಾಸಿ ಮಾಡಿದಳು. ಅಜ್ಜಿ ನಗಲಿಲ್ಲ. ಅವಳು ಹೋದ ಮೇಲೆ ನನ್ನ ಕಡೆ ತಿರುಗಿದಳು.

“ಕುಂಡ್ರಿ ಅಕ್ಕಾರ. ಆದ್ರ ಸಾಲಿ ಮಾತ ಎತ್ತಬ್ಯಾಡ್ರಿ. ಮುಂದಿನ ಅಮಾಸಿಗೆ ಕರಕೊಂಡ ಹೋಗಿ ದೆವ್ವಾ ಬಿಡಸ್ಕೊಂಡ ಬರ್ತೀನಿ. ಆಮ್ಯಾಲೆ ನನ್ನ ಜೋಡಿ ಹೂವಿನ ಬುಟ್ಟಿ ಹೊತ್ರ ಸಾಕು.”

“ಹುಡುಗಿ ಶ್ಯಾಣ್ಯಾ ಅದಾಳ, ಆಯಿ. ಅಕಿಗೆ ಏನೂ ಬಡದಿಲ್ಲ.”

“ನಿಮಗ ಗೊತ್ತಿಲ್ಲ. ಆ ಡಬ್ಬ್ಯಾಗಿಂದು ಯಾವುದನ್ನೂ ತಡಕೊಳ್ಳಂಗಿಲ್ಲ. ನನಗ ಗೊತ್ತೈತಿ.” ಅಷ್ಟು ಹೇಳಿ ಶಾಲೆಯ ದಿಕ್ಕಿಗೆ ಬೆನ್ನು ತಿರುಗಿಸಿ ಕೂತಳು. ಬರೀ ಹಟವಲ್ಲ, ಏನನ್ನೋ ಕಣ್ಣಾರೆ ಕಂಡವರ ಹೆದರಿಕೆ ಅದು.

ಹುಡುಗಿ ಬಾಗಿಲ ಹಿಂದೆ ನಿಂತಿದ್ದಳು. ಅಜ್ಜಿ ನೀರು ತರಲು ಒಳಗೆ ಹೋದಾಗ ಸರಸರನೆ ಪಿಸುಗುಟ್ಟಿದಳು: “ಟೀಚರ್, ನಾ ಎಣಿಸಾಕತ್ತಿದ್ದೆ ರೀ. ಮೈಯಾಗ ಏನೂ ಬಂದಿದ್ದಿಲ್ಲ. ಇಪ್ಪತ್ಮೂರೂವರಿ ಆದವು.”

“ನಮಗೂ ಅಷ್ಟ ಬಂತು, ಒಂದ ನಿಮಿಷಕ್ಕ.”

“ಒಂದ ನಿಮಿಷ ಅಲ್ರಿ. ಸಿಪಾಯಿಯವರ ಮೊಬೈಲ್ನ್ಯಾಗ ಅದು ಅರ್ಧಾ ನಿಮಿಷದ್ದು. ಮುಗದ ಮ್ಯಾಲೆ ನಾ ನೋಡಿನಿ.”

ಅಜ್ಜಿ ತಂದ ನೀರನ್ನು ನಾನು ಕುಡಿದೆನೋ ಇಲ್ಲವೋ ನೆನಪಿಲ್ಲ. ಊರವರೆಲ್ಲ ಹೆದರಿ ಕಣ್ಣು ಅಗಲಿಸಿದ್ದ ಹೊತ್ತಿನಲ್ಲಿ ಈಕೆ ಕಣ್ಣು ಮುಚ್ಚಿ ತೂಗಾಟ ಎಣಿಸುತ್ತಿದ್ದಳು, ನಾವು ಅದನ್ನು ದೆವ್ವ ಎಂದೆವು. ಆಮೇಲೆ ಸಿಕ್ಕ ಬಸ್ಸಿನಲ್ಲಿ ಲೆಕ್ಕ ಮಾಡಿದೆ. ವಿಡಿಯೋ ಕೈಯಿಂದ ಕೈಗೆ ಹೋಗುವಾಗ ಯಾರೋ ಹೆಚ್ಚು ಭಯಾನಕವಾಗಲೆಂದು ಅದರ ವೇಗವನ್ನು ಅರ್ಧಕ್ಕೆ ಇಳಿಸಿದ್ದಾರೆ. ನನಗೆ ಬಂದದ್ದು ಅದು. ಸಮಯ ಎರಡು ಪಟ್ಟಾದರೆ ಉದ್ದ ನಾಲ್ಕು ಪಟ್ಟು. ಅರವತ್ನಾಲ್ಕನ್ನು ನಾಲ್ಕರಿಂದ ಭಾಗಿಸಿದರೆ ಹದಿನಾರು. ಬೀಗ ಹಾಕಿದ ಕೋಣೆಯಲ್ಲಿ ತೂಗಿದ್ದು ಹದಿನಾರು ಇಂಚಿನ ಯಾವುದೋ ವಸ್ತು.

ಹೆಡ್ ಮಾಸ್ತರ ಕೈಕಾಲು ಹಿಡಿಯುವುದೊಂದು ಬಾಕಿ, ಅಂತೂ ಕೀಲಿ ಪಡೆದೆ. ಒಳಗೆ ಬರುವ ಧೈರ್ಯ ಮಾಡಿದವರು ನಾಲ್ಕೈದು ಮಕ್ಕಳು, ಅವರಲ್ಲಿ ಜೋಕಾಲಿ ಎಂದಿದ್ದ ಆ ಗೆಳತಿಯೂ ಒಬ್ಬಳು. ತೂಗಿದ್ದು ಸೆನ್ಸಾರಿನ ಕಣ್ಣಿನ ಮಟ್ಟದಲ್ಲಿದ್ದರೆ ಅದನ್ನು ಕಟ್ಟಿದ ಗಂಟು ಅದಕ್ಕಿಂತ ಹದಿನಾರು ಇಂಚು ಮೇಲಿರಬೇಕು. ಕಪಾಟಿಗೆ ಹೋಗದೆ ಮೇಜಿನ ಮೇಲೇ ಇದ್ದ ಪೆಟ್ಟಿಗೆಯ ಕಣ್ಣಿನಿಂದ ಸ್ಕೇಲನ್ನು ನೆಟ್ಟಗೆ ಹಿಡಿದು ಅಳೆದೆವು. ಸ್ಕೇಲಿನ ತುದಿ ಕಿಟಕಿಯ ಮೇಲಿನ ಅಡ್ಡ ಸರಳಿಗೆ ತಾಗಿತು. ಧೂಳು ಕೂತ ಆ ಸರಳಿಗೆ ಬೆರಳುದ್ದದ ಒಣ ನಾರಿನ ತುಂಡು ಬಿಗಿಯಾಗಿ ಸುತ್ತಿಕೊಂಡಿತ್ತು. ನಾನು ಅದೇ ಕಿಟಕಿಯನ್ನು ಸೋಮವಾರ ಎಷ್ಟು ಸಲ ನೋಡಿದ್ದೆನೋ! ಲೆಕ್ಕ ಹೇಳಿದ ಜಾಗದಲ್ಲಿ ಅದು ನಮಗಾಗಿ ಕಾದು ಕೂತಿತ್ತು. ಮಕ್ಕಳ ಮುಖದಲ್ಲಿ ಖುಷಿ ಬರಲಿಲ್ಲ, ಒಬ್ಬರಿಗೊಬ್ಬರು ಒತ್ತಿ ನಿಂತರು.

ಗೆಳತಿ ನಾರನ್ನು ಮುಟ್ಟಿ ನೋಡಿದಳು. “ಬಾಳಿನಾರು ರೀ. ಹೂವಾ ಕಟ್ಟೂದು.” ಆಮೇಲೆ ದನಿ ತಗ್ಗಿಸಿ, “ಹದಿನಾರ ಇಂಚ ಅಂದ್ರ… ಅಕಿ ಆಯಿ ಮೊಳ ಅಷ್ಟ ಐತ್ರಿ. ಬಸ್ ಸ್ಟ್ಯಾಂಡಿನ್ಯಾಗ ಎಲ್ಲಾರೂ ಅದಕ್ಕ ಜಗಳಾ ತಗಿತಾರ,” ಎಂದಳು.

ಸಿಪಾಯಿಯನ್ನು ಕರೆಸಿದೆ. ನಾರನ್ನು ತೋರಿಸಿದ ಕೂಡಲೇ ಅವನ ಮುಖ ಸಪ್ಪಗಾಯಿತು. ಅಮಾವಾಸ್ಯೆಯ ದಿನ ಗಾಡಿಗೆ, ಮಿಷನ್ನಿಗೆ ಪೂಜೆ ಮಾಡಿ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟುವುದು ನಮ್ಮ ಕಡೆ ಇರುವುದೇ. “ಮೊಮ್ಮಗಳು ಮಾಡಿದ ಮಿಷನ್ನು, ದೃಷ್ಟಿ ಆಗಬಾರದು, ಒಂದ ಗಳಿಗಿ ಬಾಗಲಾ ತಗಿ” ಎಂದು ಭಾನುವಾರ ಬೆಳಿಗ್ಗೆ ಅಜ್ಜಿ ಬಂದು ಗೋಗರೆದಿದ್ದಳಂತೆ. ಇವನು ತೆಗೆದಿದ್ದ. ಆಗ ಕರೆಂಟು ಇರಲಿಲ್ಲ, ಪೆಟ್ಟಿಗೆ ಸುಮ್ಮನಿತ್ತು. ಅವಳು ಪೆಟ್ಟಿಗೆಯ ಮುಖದ ಮುಂದೆ ಇಳಿಯುವಂತೆ ಒಂದು ಮೊಳ ನಾರಿನಲ್ಲಿ ನಿಂಬೆಹಣ್ಣು ಕಟ್ಟಿ, ಊದಿನಕಡ್ಡಿ ಬೆಳಗಿ ಹೋಗಿದ್ದಳು. ಸೋಮವಾರ ಮುಂಜಾನೆ ಇವನು ಕಸ ಹೊಡೆಯಲು ಬಂದಾಗ ನಿಂಬೆಹಣ್ಣು ನೆಲದ ಮೇಲೆ ಬಿದ್ದಿತ್ತು. ಹೆದರಿ ಗುಡಿಸಿ ಹೊರಗೆ ಹಾಕಿದ. ಮುಂಡರಗಿಗೆ ಹೋದಾಗ ಅಜ್ಜಿಗೂ ಹೇಳಿದ.

“ಕೇಳಿ ಅಕಿ ರೋಡಿನ ಮ್ಯಾಲೆ ಕುಂತ ಬಿಟ್ಲು ರೀ,” ಎಂದ.

ಒಣ ಗಾಳಿಗೆ ಒಣಗಿ, ತೂಗಿ ತೂಗಿ ಸವೆದು ಹರಿದ ನಾರು. ಅವಳು ಅದನ್ನು ಹಾಗೆ ಓದಲಿಲ್ಲ. ತಾನು ಕಟ್ಟಿದ ಕಾವಲನ್ನು ಕಿತ್ತು ಎಸೆದು ಮೊಮ್ಮಗಳ ಮೈ ಹೊಕ್ಕಿದೆ ಎಂದು ಓದಿದಳು. ನನಗೆ ಮೊದಲು ಬಂದದ್ದು ಸಿಟ್ಟು. ನೆತ್ತಿಗೇರಿದ ಸಿಟ್ಟು. ಹುಡುಗಿಯನ್ನು ದೆವ್ವ ಮಾಡಿದವಳೇ ಅವಳನ್ನು ಶಾಲೆ ಬಿಡಿಸುತ್ತಿದ್ದಾಳೆ. ಊರ ಮುಂದೆ ನಿಲ್ಲಿಸಿ, ಮೊಳ ಅಳೆಸಿ ತೋರಿಸುತ್ತೇನೆ ಎಂದು ನಿಶ್ಚಯಿಸಿದೆ. ಮೊಮ್ಮಗಳಿಗೆ ಎಲ್ಲ ತಿಳಿಸಲು ಗೆಳತಿಯನ್ನು ಕಳಿಸಿದೆ.

ಮರುದಿನ ಗೆಳತಿ ಉತ್ತರ ತಂದಳು. “ಆಯಿ ಹೆಸರ ಮಂದ್ಯಾಗ ತಗಿಬ್ಯಾಡ್ರಿ ಅಂದಾಳ. ಬಸ್ ಸ್ಟ್ಯಾಂಡಿನ್ಯಾಗ ನಗ್ತಾರಂತ, ಯಾರೂ ಹೂವಾ ತಗೊಳ್ಳಂಗಿಲ್ಲಂತ. ಬೇಕಾರ ನಾ ಸಾಲಿ ಬಿಡ್ತೀನಿ ಅಂದ್ಲು.”

ನನ್ನ ಸಿಟ್ಟು ಎಲ್ಲಿಗೆ ಹೋಯಿತೋ. ದನಿ ಯಾವುದರದು ಎಂದು ತೋರಿಸುವುದು, ಕಟ್ಟಿದ್ದು ಯಾರು ಎಂದು ಹೇಳದಿರುವುದು, ಹಾಗೆ ತೀರ್ಮಾನಿಸಿದೆ. ಸಿಪಾಯಿಯಿಂದಲೂ ಮಕ್ಕಳಿಂದಲೂ ಆಣೆ ಮಾಡಿಸಿದೆ. ಹೆಡ್ ಮಾಸ್ತರಿಗೆ ಅಜ್ಜಿಯ ವಿಷಯ ಹೇಳದೆಯೇ, ಊರವರ ಮುಂದೆ ಪೆಟ್ಟಿಗೆ ಹಾಡಿಸಿ ತೋರಿಸಲು ಒಪ್ಪಿಸಿದೆ. “ಏನಾರ ಆದ್ರ ನಿಮ್ಮ ಕೊರಳಿಗೆ,” ಎಂದರು. ಆಗಲಿ ಎಂದೆ.

ಶನಿವಾರ ಮಧ್ಯಾಹ್ನ ಊರು ನೆರೆಯಿತು. ಒಳಗೆ ಬಂದವರು ಕಡಿಮೆ, ಬಾಗಿಲಲ್ಲಿ ನಿಂತವರು ಹೆಚ್ಚು. ಹುಡುಗಿಯನ್ನು ಕರೆದುಕೊಂಡು ಅಜ್ಜಿಯೂ ಬಂದಿದ್ದಳು. ಮುಂಡರಗಿ ಸಂತೆಗೆ ಹೋಗುವ ದಾರಿಯಲ್ಲೇ ಬಂದವಳು, ಹೂವಿನ ಬುಟ್ಟಿಯನ್ನು ಹೊಟ್ಟೆಗೆ ಅವಚಿಕೊಂಡೇ ನಿಂತಿದ್ದಳು. ಟ್ರ್ಯಾಕ್ಟರ್ ಡ್ರೈವರ್ ತಾನು ಮಾಡಿದ ಮೂಲ ವಿಡಿಯೋ ತಂದಿದ್ದರು. ಮಕ್ಕಳು ಹದಿನಾರು ಇಂಚಿನ ದಾರದಲ್ಲಿ ನಿಂಬೆಹಣ್ಣು ಕಟ್ಟಿ ಸರಳಿಗೆ ನೇತುಹಾಕಿದರು. ಪೆಟ್ಟಿಗೆ ಒಂದೇ ಸ್ವರ ಹಿಡಿಯಿತು.

ಗಾಳಿ ಬರಲಿಲ್ಲ. ಗುಡ್ಡದ ಮೇಲಿನ ಗಾಳಿಯಂತ್ರಗಳೂ ನಿಂತಿದ್ದವು. ಕೈಯಿಂದ ತೂಗಿಸಿದರೆ “ನೀವ ತೂಗಿಸಿದ್ರಿ” ಎನ್ನುತ್ತಾರೆ, ಅದಕ್ಕೆ ಕಾದೆವು. ಬೆವರು ಇಳಿಯಿತು, ಕೆಲವರು ಗೊಣಗುತ್ತ ಹೊರಟರು. ಆಮೇಲೆ ಹೊರಗೆ ಬೇವಿನ ಎಲೆ ಸದ್ದು ಮಾಡಿತು. ನಿಂಬೆಹಣ್ಣು ಅಲುಗಿತು, ಪೆಟ್ಟಿಗೆ ನರಳಿತು. ಡ್ರೈವರ್ ವಿಡಿಯೋ ಹಾಕಿದರು. ಎರಡು ದನಿಗಳು ಕೂಡಿ ಏರಿದವು, ಕೂಡಿ ಇಳಿದವು. ಕಾರಣ ಎಲ್ಲರ ಕಣ್ಣ ಮುಂದೆ ತೂಗುತ್ತಿದ್ದರೂ ಒಬ್ಬರೂ ಮಿಸುಕಲಿಲ್ಲ.

“ಹೌದ್ರಿ, ಇದ ದನಿ,” ಎಂದು ಡ್ರೈವರ್ ಒಪ್ಪಿದರು. ಹಿಂದಿನಿಂದ ಒಬ್ಬರು ಕೇಳಿದರು: “ಅದೆಲ್ಲಾ ಖರೆ. ಕೀಲಿ ಹಾಕಿದ ಖೋಲ್ಯಾಗ ಲಿಂಬಿಹಣ್ಣ ಕಟ್ಟಿದ್ದ ಯಾರು?”

“ನಾನ ಕಟ್ಟಿಸಿದ್ದು,” ಎಂದೆ. “ಹೋದ ಶನಿವಾರ ಮನಿಗೆ ಹೋಗು ಮುಂದ.”

ಹೆಡ್ ಮಾಸ್ತರು ನನ್ನನ್ನು ನುಂಗುವಂತೆ ನೋಡಿದರು. ಯಾರೋ ಕಿಸಕ್ಕೆಂದರು. ಊರನ್ನೆಲ್ಲ ಒಂದು ವಾರ ಹೆದರಿಸಿದ ಲೆಕ್ಕದ ಟೀಚರು ಎಂಬ ಹೆಸರು ಇನ್ನು ನನಗೆ ಗಟ್ಟಿ ಎಂದುಕೊಂಡೆ. ಆಗ ಅಜ್ಜಿ ಗುಂಪಿನಿಂದ ಮುಂದೆ ಬಂದಳು.

“ಸುಳ್ಳ ಹೇಳಬ್ಯಾಡ್ರಿ ಅಕ್ಕಾರ. ನಾ ಕಟ್ಟಿದ್ದು. ನನ್ನ ಕೈಲೆ ಕಟ್ಟಿದ್ದು.” ಎಲ್ಲರ ಮುಂದೆ ತನ್ನ ಗಿಡ್ಡ ಕೈಯನ್ನು ಆ ದಾರದ ಪಕ್ಕ ಚಾಚಿ ಹಿಡಿದಳು. ಮೊಣಕೈಯಿಂದ ಬೆರಳಿನವರೆಗೆ ಸರಿಯಾಗಿ ಕೂತಿತು. ನಗಬಹುದು ಎಂದು ಹುಡುಗಿ ಹೆದರಿದ್ದಳಲ್ಲ, ಯಾರೂ ನಗಲಿಲ್ಲ. ಅಜ್ಜಿ ಮೊಮ್ಮಗಳತ್ತ ನೋಡಿ, “ನಿನಗ ಗೊತ್ತಿತ್ತೇನ?” ಎಂದಳು. ಹುಡುಗಿ ನೆಲ ನೋಡಿದಳು.

ಮಕ್ಕಳು ನಿಂಬೆಹಣ್ಣು ಬಿಚ್ಚಿ, ಪೆಟ್ಟಿಗೆಯನ್ನು ಕೋಣೆಯ ಕಡೆ ತಿರುಗಿಸಿದರು. ಅದರ ಎರಡು ಕಣ್ಣು ಈಗ ಅಜ್ಜಿಯ ಬುಟ್ಟಿಯ ನೇರಕ್ಕೆ ಬಂದವು. ಅವಳು ಕದಲದೆ ನಿಂತಿದ್ದಳು. ಆದರೂ ಸ್ವರ ನಿಲ್ಲಲಿಲ್ಲ. ತೀರ ಸಣ್ಣಗೆ ಏರುತ್ತಿತ್ತು, ಸಣ್ಣಗೆ ಇಳಿಯುತ್ತಿತ್ತು. ಬಾಗಿಲಲ್ಲಿದ್ದವರು ಒಂದು ಹೆಜ್ಜೆ ಹಿಂದೆ ಸರಿದರು. ತೂಗುವಂಥದ್ದು ಅಲ್ಲಿ ಏನೂ ಇರಲಿಲ್ಲ.

“ಈಗ ಯಾರಿದು?” ಎಂದಳು ಅಜ್ಜಿ. ದನಿ ಒಣಗಿತ್ತು.

ಹುಡುಗಿ ತಲೆ ಓರೆ ಮಾಡಿ ಕೇಳಿದಳು. ಆಮೇಲೆ ಬಂದು ಬುಟ್ಟಿಯ ಮೇಲೆ ಕೈಯಿಟ್ಟಳು. “ನೀನ ಆಯಿ. ನಿನ್ನ ಉಸರು. ಉಸರ ತಗೊಂಡಾಗ ಬುಟ್ಟಿ ಮುಂದ ಬರತೈತಿ, ಬಿಟ್ಟಾಗ ಹಿಂದ ಹೋಗತೈತಿ.”

ಅಜ್ಜಿ ಉಸಿರು ಬಿಗಿಹಿಡಿದಳು. ಸ್ವರ ಗಕ್ಕನೆ ನಿಂತು ನೇರ ಗೆರೆಯಾಯಿತು. ಅಷ್ಟು ಜನರಿದ್ದ ಕೋಣೆಯಲ್ಲಿ ಆ ಗೆರೆಯೊಂದೇ ಕೇಳುತ್ತಿತ್ತು. ಅವಳು ಉಸಿರು ಬಿಟ್ಟಳು, ಸ್ವರ ಇಳಿಯಿತು, ಮತ್ತೆ ಏರಿತು.

“ಹಂಗಾರ ನಾ ಸತ್ತ ದಿವಸ ಇದು ಒಂದ ಸಮ ಕೂಗತೈತಿ?”

“ಹೂಂ ಆಯಿ.”

ಅಜ್ಜಿ ಇನ್ನೂ ಸ್ವಲ್ಪ ಹೊತ್ತು ತನ್ನ ಉಸಿರನ್ನು ಕೇಳುತ್ತ ನಿಂತಳು. ಆಮೇಲೆ ಬುಟ್ಟಿಯನ್ನು ತಲೆಯ ಮೇಲೆ ಇಟ್ಟುಕೊಂಡು, ಮೊಮ್ಮಗಳ ಹಣೆಯ ಮೇಲಿದ್ದ ವಿಭೂತಿಯನ್ನು ಸೆರಗಿನಿಂದ ಒರೆಸಿದಳು.

“ಕಲಿ,” ಎಂದಳು. “ಅರ್ಧಾ ಬಿಡಬ್ಯಾಡ. ಪೂರಾ ಕಲಿ.”